ಶಾಸನ ಪಾಠವನ್ನು ಜಾಲಕ್ಕೆ ಏರಿಸುವಾಗ: ಮುಕ್ತ ತಂತ್ರಾಂಶ, ವೆಬ್ ಮಾನಕಗಳು ಮತ್ತು ಕಳೆದುಹೋದ ಒಂದು ವೀರಗಲ್ಲು

ಶಾಸನಗಳ ಹುಡುಕಾಟದಲ್ಲಿರುವ ಗೆಳೆಯರು ಆಗಾಗ ನನ್ನನ್ನು ಒಂದು ಪ್ರಶ್ನೆ ಕೇಳುತ್ತಾರೆ. "ಸರ್, ನಮ್ಮ ತಾಲೂಕಿನ ನಲವತ್ತು ಶಾಸನಗಳ ಫೋಟೋ ಇದೆ, ಪಾಠ ಇದೆ. ಒಂದು ವೆಬ್‌ಸೈಟ್ ಮಾಡೋಣ ಅಂತಿದೀವಿ. ಯಾವುದರಲ್ಲಿ ಮಾಡಿದ್ರೆ ಒಳ್ಳೇದು?" ಹೊಟ್ಟೆಪಾಡಿಗೆ ನಾನು ಇಂಜಿನಿಯರ್, ಶಾಸನ ಓದುವುದು ರಜಾದಿನಗಳ ಹುಚ್ಚು. ಹಾಗಾಗಿ ಎರಡೂ ಕಡೆಯ ಉತ್ತರ ನನ್ನ ಹತ್ತಿರ ಇರುತ್ತೆ ಅಂತ ಅವರ ನಂಬಿಕೆ. ಉತ್ತರವೇನೋ ಇದೆ. ಅದನ್ನು ನನಗೆ ಕಲಿಸಿದ್ದು ಒಂದು ವೀರಗಲ್ಲು. ಅದನ್ನು ನಾನು ಎರಡು ಸಲ ಕಳೆದುಕೊಂಡೆ.

2009ರ ಬೇಸಿಗೆಯಲ್ಲಿ ಕೋಲಾರ ಜಿಲ್ಲೆಯ ಒಂದು ಊರಿನ ಕೆರೆ ಏರಿಯ ಕೆಳಗೆ ಆ ಕಲ್ಲು ಸಿಕ್ಕಿತು. ಅರ್ಧ ಮಣ್ಣಲ್ಲಿ ಹೂತಿತ್ತು. ಮೇಲೆ ಎರಡು ಹಸು, ಬಿಲ್ಲು ಹಿಡಿದ ವೀರ, ನಡುವೆ ಐದು ಸಾಲು ಬರಹ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಸಂಪುಟ, ಅಂದರೆ 1905ರ ಹತ್ತನೆಯ ಸಂಪುಟ, ಮನೆಯಲ್ಲಿ ಇತ್ತು. ಅದರಲ್ಲಿ ಈ ಕಲ್ಲು ಇರಲಿಲ್ಲ. ಹೊಸ ಶಾಸನ ಅಂತ ಗೊತ್ತಾದಾಗ ಎಷ್ಟು ಖುಷಿಯಾಗುತ್ತೆ ಅನ್ನೋದು ನಿಮಗೆ ಹೇಳಬೇಕಾಗಿಲ್ಲ. ಸಂಜೆಯ ಓರೆ ಬಿಸಿಲು ಬೀಳೋವರೆಗೆ ಕಾದು, ನೀರು ಹಾಕಿ ತೊಳೆದು ಓದಿದೆ. ತುಱುಗೊಳ್ ಶಾಸನ. ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಬರುವ "ತುಱುವಂ ಮಗುೞ್ಚಿ" ಅನ್ನೋ ಮಾತು, ಅಂದರೆ ದನಗಳನ್ನು ಮರಳಿಸಿ, ಎರಡನೆಯ ಸಾಲಿನಲ್ಲಿ ಸ್ಪಷ್ಟವಾಗಿತ್ತು. ವೀರನ ಹೆಸರು ಮೂರನೆಯ ಸಾಲಿನಲ್ಲಿ. ನಾಲ್ಕನೆಯ ಸಾಲು ಕಷ್ಟದ್ದು. ಅದಕ್ಕೋಸ್ಕರ ಇನ್ನೊಂದು ಭಾನುವಾರ ಹೋಗಿ, ಬ್ಯಾಟರಿ ಬೆಳಕು ಪಕ್ಕದಿಂದ ಬಿಟ್ಟು, ಉಳಿದಿದ್ದ ಆರು ಅಕ್ಷರಗಳನ್ನೂ ಓದಿದೆ.

ತಪ್ಪು ಮಾಡಿದ್ದು ಆಮೇಲೆ. ಆಗ ನಾನು ಟೈಪ್ ಮಾಡುತ್ತಿದ್ದದ್ದು ಆಸ್ಕಿ ಫಾಂಟಿನಲ್ಲಿ. ಆ ಫಾಂಟಿನಲ್ಲಿ ೞ ಇರಲಿಲ್ಲ, ಱ ಕೂಡ ಇರಲಿಲ್ಲ. ೞ ಬರುವಲ್ಲಿ ಳ ಹಾಕಿ ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆ, ಱ ಬರುವಲ್ಲಿ ರ ಹಾಕಿ ನಕ್ಷತ್ರ. ನನ್ನದೇ ಸಂಕೇತ, ಎಲ್ಲೂ ವಿವರಣೆ ಬರೆದಿಡಲಿಲ್ಲ. 2011ರಲ್ಲಿ, ಎಳೆದು ಬಿಟ್ಟರೆ ಪುಟ ತಯಾರಾಗುವ ಒಂದು ಉಚಿತ ಸೇವೆಯಲ್ಲಿ ತಾಣ ಕಟ್ಟಿದೆ. ಫಾಂಟ್ ಇಲ್ಲದವರ ಕಂಪ್ಯೂಟರಿನಲ್ಲಿ ಕನ್ನಡ ಕಾಣೋದಿಲ್ಲವಲ್ಲ, ಅದಕ್ಕೆ ಪಾಠವನ್ನೆಲ್ಲ ಚಿತ್ರವಾಗಿಸಿ ಹಾಕಿದೆ. ನೋಡೋಕೆ ಬಹಳ ಚೆನ್ನಾಗಿತ್ತು. ತಿಳಿದವರು ಮೆಚ್ಚಿಕೊಂಡರು.

ಐದು ವರ್ಷಕ್ಕೆ ಆ ಸೇವೆ ಮುಚ್ಚಿತು. ಮುನ್ಸೂಚನೆ ಹೋದದ್ದು ನಾನು ಬಳಸೋದನ್ನೇ ಬಿಟ್ಟಿದ್ದ ಹಳೆಯ ಮೇಲ್ ವಿಳಾಸಕ್ಕೆ. ಪಾಠದ ಮೂಲ ಕಡತ ಇದ್ದ ಹಾರ್ಡ್ ಡಿಸ್ಕ್ ಅದಕ್ಕೂ ಮುಂಚೆಯೇ ಕೈಕೊಟ್ಟಿತ್ತು. ತಾಣದಲ್ಲಿ ಇದೆಯಲ್ಲ ಅಂತ ಸುಮ್ಮನಿದ್ದೆ. 2018ರಲ್ಲಿ ಆ ಊರಿಗೆ ಮತ್ತೆ ಹೋದಾಗ ಏರಿ ಅಗಲವಾಗಿತ್ತು, ಮೇಲೆ ಒಳ್ಳೆಯ ರಸ್ತೆ, ಕಲ್ಲು ಇಲ್ಲ. "ಜೇಸೀಬಿ ಬಂದಿತ್ತು ಸಾರ್, ಕಲ್ಲೆಲ್ಲಾ ಒಳಗೇ ಹಾಕಿ ಮುಚ್ಚಿಬಿಟ್ರು" ಅಂದರು ದನ ಕಾಯುತ್ತಿದ್ದ ಅಜ್ಜ. ಎರಡು ವರ್ಷದ ನಂತರ ಸಂಶೋಧನೆ ಮಾಡುತ್ತಿದ್ದ ಒಬ್ಬ ಹುಡುಗಿ ಆ ಶಾಸನದ ಪಾಠ ಕೇಳಿ ಬರೆದಳು. ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಹುಡುಕಿದೆ. ತಾಣದ ಶೀರ್ಷಿಕೆ ಇತ್ತು, ಪಟ್ಟಿ ಇತ್ತು, ಚಿತ್ರಗಳಿರಬೇಕಾದ ಕಡೆ ಖಾಲಿ ಚೌಕ. ಆ ಸೇವೆ ಪುಟದೊಳಗಿನ ಎಲ್ಲವನ್ನೂ ಜಾವಾಸ್ಕ್ರಿಪ್ಟ್ ಮೂಲಕ ಬೇರೆಲ್ಲಿಂದಲೋ ತಂದು ತೋರಿಸುತ್ತಿತ್ತು. ಆರ್ಕೈವ್‌ನ ಯಂತ್ರ ಬಂದಾಗ ಅದಕ್ಕೆ ಸಿಕ್ಕಿದ್ದು ಬರೀ ಚೌಕಟ್ಟು. ಕೊನೆಗೆ ಒಬ್ಬ ಗೆಳೆಯರ ಮೇಲ್ ಪೆಟ್ಟಿಗೆಯಲ್ಲಿ ಹಳೆಯ ಕರಡು ಸಿಕ್ಕಿತು, ಎರಡನೆಯ ಭಾನುವಾರಕ್ಕೂ ಮುಂಚಿನದು. ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕಕ್ಕೆ ಹಾಕಿದಾಗ ಕನ್ನಡವಾಯಿತು. ಆದರೆ ಒಂದೇ ಒಂದು ನಕ್ಷತ್ರವೂ ಇರಲಿಲ್ಲ. ಗೆಳೆಯರನ್ನು ಕೇಳಿದೆ. "ಅಯ್ಯೋ, ಅವು ಟೈಪಿಂಗ್ ತಪ್ಪು ಅನ್ಕೊಂಡು ನಾನೇ ತೆಗೆದೆ ಮಾರಾಯ್ರೇ" ಅಂದರು. ಅವರದ್ದೇನೂ ತಪ್ಪಿಲ್ಲ.

"ತುರುವಂ ಮಗುಳ್ಚಿ" ಅಂತ ಇದ್ದದ್ದನ್ನು ತಿದ್ದಬಹುದು, ಆ ಮಾತು ನೂರಾರು ಕಲ್ಲುಗಳಲ್ಲಿದೆ. ವೀರನ ಹೆಸರನ್ನು ತಿದ್ದೋದು ಹೇಗೆ? ಕರಡಿನಲ್ಲಿ ಇರೋದು "ಮಾರಯ್ಯ". ಕಲ್ಲಿನಲ್ಲಿ ಇದ್ದದ್ದು ಮಾರಯ್ಯನೋ ಮಾಱಯ್ಯನೋ ನನಗೆ ನೆನಪಿಲ್ಲ. ಮಾರ ಅಂದರೆ ಮನ್ಮಥ, ಸಂಸ್ಕೃತದ ಹೆಸರು. ಮಾಱ ಆದರೆ ತಮಿಳಿನ ಮಾಱನ್ ಕಡೆಗೆ ಕೈ ತೋರಿಸುತ್ತೆ. ತಮಿಳು ಶಾಸನಗಳು ಧಾರಾಳವಾಗಿ ಸಿಗುವ ಕೋಲಾರದಂಥ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವಲ್ಲ. ದನ ಬಿಡಿಸೋಕೆ ಹೋಗಿ ಸತ್ತವನ ಹೆಸರು ಸಾವಿರ ವರ್ಷ ಕಲ್ಲಿನಲ್ಲಿ ಉಳಿದಿತ್ತು, ನನ್ನ ಕೈಗೆ ಬಂದು ಹತ್ತು ವರ್ಷದಲ್ಲಿ ಮಸುಕಾಯಿತು.

ಅಕ್ಷರದಿಂದ ಶುರು

ಯಾವ ಸಾಫ್ಟ್‌ವೇರ್ ಅನ್ನೋದಕ್ಕಿಂತ ಮುಂಚಿನ ಪ್ರಶ್ನೆ ಅಕ್ಷರ ಯಾವುದರಲ್ಲಿ ಉಳಿಯುತ್ತೆ ಅನ್ನೋದು. ಆಸ್ಕಿ ಫಾಂಟುಗಳಲ್ಲಿ ಕನ್ನಡ ಇರೋದೇ ಇಲ್ಲ. ಇರೋದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳು, ಅವುಗಳ ಮೇಲೆ ಕನ್ನಡದ ಚೂರುಗಳ ಚಿತ್ರ. ಫಾಂಟ್ ತೆಗೆದರೆ ಕನ್ನಡವೂ ಹೋಯಿತು. ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ, ಅದು ಯಾವ ಫಾಂಟಿಗೂ ಕಂಪನಿಗೂ ಸೇರಿದ್ದಲ್ಲ. ೞ ಇದೆ, ಱ ಇದೆ. ಜಿಹ್ವಾಮೂಲೀಯ, ಉಪಧ್ಮಾನೀಯ 2006ರಲ್ಲಿ ಬಂದವು. ಹಳೆಯ ಬರಹಗಳಲ್ಲಿ ಕಾಣುವ ನಕಾರ ಪೊಲ್ಲು 2021ರ 14ನೆಯ ಆವೃತ್ತಿಯಲ್ಲಿ ಸೇರಿತು. ಇಂಥ ಅಕ್ಷರ ಬಿಟ್ಟುಹೋಗಿದೆ ಅಂತ ಆಧಾರಸಹಿತ ಪ್ರಸ್ತಾವವನ್ನು ಯಾರು ಬೇಕಾದರೂ ಕಳಿಸಬಹುದು. ಕಲ್ಲಿನ ಫೋಟೋಗಳೇ ಅಲ್ಲಿ ಸಾಕ್ಷಿ.

ಒಂದು ತಮಾಷೆ. ಯೂನಿಕೋಡಿನಲ್ಲಿ ೞ ಅಕ್ಷರದ ಅಧಿಕೃತ ಹೆಸರು "ಕನ್ನಡ ಲೆಟರ್ ಎಫ್‌ಎ", ಅಂದರೆ ಫ! ಆರಂಭದಲ್ಲೇ ಆದ ತಪ್ಪು. ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸಬಾರದು ಅನ್ನೋದು ಅವರ ನಿಯಮ. ಹಾಗಾಗಿ ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಸೇರಿಸಿ, ತಪ್ಪನ್ನು ಹಾಗೇ ಉಳಿಸಿಕೊಂಡಿದ್ದಾರೆ. ಮೊದಲು ಇದನ್ನು ಓದಿದಾಗ ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಇದು ಶಾಸನ ಸಂಪಾದನೆಯ ನಿಯಮವೇ ಅಲ್ಲವಾ? ರೂವಾರಿ ತಪ್ಪು ಕಂಡರಿಸಿದ್ದರೆ ನಾವು ಪಾಠದಲ್ಲಿ ಆ ತಪ್ಪನ್ನೇ ಕೊಟ್ಟು ಅಡಿಯಲ್ಲಿ "ಹೀಗೆ ಓದಿಕೊಳ್ಳಿ" ಅಂತ ಬರೆಯುತ್ತೇವೆ.

ಫಾಂಟ್ ಆರಿಸುವಾಗ ಚೆಂದ ನೋಡೋಕೆ ಮುಂಚೆ ಒಂದು ಪರೀಕ್ಷೆ ಮಾಡಿ. "ಕೆಱೆ, ಗೞ್ದೆ, ಮಗುೞ್ಚಿ, ಧರ್ಮ್ಮ" ಅಂತ ಟೈಪ್ ಮಾಡಿ ನೋಡಿ. ೞ್ ಕೆಳಗೆ ಒತ್ತು ಸರಿಯಾಗಿ ಕೂರಬೇಕು, ಅರ್ಕಾವೊತ್ತು ಮತ್ತು ಮ-ಒತ್ತು ಒಟ್ಟಿಗೆ ಬಂದಾಗ ಒಂದರ ಮೇಲೊಂದು ಹತ್ತಬಾರದು. ಶಾಸನದಲ್ಲಿ ರೇಫದ ನಂತರ ವ್ಯಂಜನ ಇಮ್ಮಡಿಸುವುದು ಸಾಮಾನ್ಯ, ದಿನಪತ್ರಿಕೆಯ ಕನ್ನಡಕ್ಕೆಂದು ಮಾಡಿದ ಎಷ್ಟೋ ಫಾಂಟುಗಳು ಇಲ್ಲೇ ಎಡವುತ್ತವೆ. ನೋಟೋ ಸಾನ್ಸ್ ಕನ್ನಡ, ಲೋಹಿತ್ ಕನ್ನಡ ಎರಡೂ ಮುಕ್ತ ಪರವಾನಗಿಯವು, ಅವುಗಳ ಕಡತವನ್ನು ನಿಮ್ಮ ತಾಣದಲ್ಲೇ ಇಟ್ಟು ಬಡಿಸಬಹುದು. ಒಂದು ಕಾಲದಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಕೆಲಸ ಮಾಡುವ ಡೈನಮಿಕ್ ಫಾಂಟುಗಳಿದ್ದವು, ನೆನಪಿರಬಹುದು. ಈಗ ವೋಫ್ ಅನ್ನೋ ಕಡತರೂಪ ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯುತ್ರೀಸಿ ಸಂಸ್ಥೆಯ ಶಿಫಾರಸಾಗಿ 2012ರಿಂದ ಇದೆ, ಎಲ್ಲ ಬ್ರೌಸರುಗಳಲ್ಲೂ ನಡೆಯುತ್ತೆ.

ಆವರಣ ಚಿಹ್ನೆಗಳ ತಂಟೆ

ಈಗ ನಿಜವಾದ ಶಾಸನದ ಕೆಲಸಕ್ಕೆ ಬರೋಣ. ಮುದ್ರಿತ ಸಂಪುಟಗಳಲ್ಲಿ ಪಾಠ ಓದಿದವರಿಗೆ ಗೊತ್ತು: ಒಬ್ಬ ಸಂಪಾದಕರ ಚೌಕ ಆವರಣ ಅಂದರೆ ಮಸುಕಾದ ಅಕ್ಷರ, ಇನ್ನೊಬ್ಬರದ್ದು ಅಂದರೆ ಕಲ್ಲಿನಲ್ಲಿ ಇಲ್ಲವೇ ಇಲ್ಲ, ಊಹಿಸಿ ತುಂಬಿದ್ದು. ಗ್ರೀಕ್, ಲ್ಯಾಟಿನ್ ಶಾಸನ ಓದುವವರಿಗೂ ಇದೇ ತಲೆನೋವಿತ್ತು. 1931ರಲ್ಲಿ ಲೈಡನ್ ನಗರದಲ್ಲಿ ಸೇರಿ ಒಂದು ಸಂಕೇತಪದ್ಧತಿಗೆ ಒಪ್ಪಿಕೊಂಡರು. ಅದರ ಎಷ್ಟೋ ವರ್ಷಗಳ ನಂತರ, 1990ರ ದಶಕದ ಕೊನೆಯಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು ಎಪಿಡಾಕ್. ಅದು ಎಕ್ಸ್‌ಎಂಎಲ್‌ನಲ್ಲಿ ಶಾಸನವನ್ನು ಬರೆದಿಡುವ ಕ್ರಮ. ಅಕ್ಷರ ಮಸುಕಾಗಿದ್ದರೆ "ಅನ್‌ಕ್ಲಿಯರ್" ಅನ್ನೋ ಟ್ಯಾಗ್, ಊಹಿಸಿ ತುಂಬಿದ್ದರೆ "ಸಪ್ಲೈಡ್", ಹೋಗೇಬಿಟ್ಟಿದ್ದರೆ "ಗ್ಯಾಪ್", ಜೊತೆಗೆ ಎಷ್ಟು ಅಕ್ಷರ, ಯಾಕೆ ಹೋಯಿತು ಅನ್ನೋ ವಿವರ. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಶಾಸನಗಳಿಗೆಂದು ಯುರೋಪಿನಲ್ಲಿ 2019ರಲ್ಲಿ ಆರಂಭವಾದ ಧರ್ಮ ಯೋಜನೆ ಬಳಸುವುದೂ ಇದನ್ನೇ. ನನ್ನ ನಕ್ಷತ್ರ ಚಿಹ್ನೆಯ ಜಾಗದಲ್ಲಿ ಇಂಥದ್ದೊಂದು ಇದ್ದಿದ್ದರೆ ಆ ಗೆಳೆಯರು ಅದನ್ನು ಟೈಪಿಂಗ್ ತಪ್ಪು ಅಂದುಕೊಳ್ಳುತ್ತಿರಲಿಲ್ಲ.

ಎಕ್ಸ್‌ಎಂಎಲ್ ಅಂದ ಕೂಡಲೇ ಗಾಬರಿ ಬೀಳಬೇಡಿ. ಅದು ಬರೀ ಪಠ್ಯದ ಕಡತ, ನೋಟ್‌ಪ್ಯಾಡಿನಲ್ಲೂ ತೆರೆಯುತ್ತೆ. ಇಪ್ಪತ್ತು ಶಾಸನ ಮಾಡಿದ ಮೇಲೆ ಕೈ ಕೂರುತ್ತೆ.

ಕನ್ನಡಕ್ಕೇ ವಿಶೇಷವಾದ ಒಂದು ಎಡವಟ್ಟು ಇದರಲ್ಲಿದೆ, ನಾನು ಎರಡು ತಿಂಗಳು ಒದ್ದಾಡಿದ್ದು. ರೋಮನ್ ಲಿಪಿಯಲ್ಲಿ ಒಂದು ಅಕ್ಷರ ಮಸುಕು ಅಂದರೆ ಅದೊಂದಕ್ಕೇ ಟ್ಯಾಗ್ ಹಾಕಬಹುದು. ನಮ್ಮಲ್ಲಿ "ಬಿಟ್ಟ" ಅನ್ನೋ ಪದದಲ್ಲಿ ಟ ಸ್ಪಷ್ಟವಾಗಿದ್ದು ಕೆಳಗಿನ ಒತ್ತು ಮಾತ್ರ ಸವೆದಿದ್ದರೆ? ಒತ್ತಿಗೆ ಮಾತ್ರ ಟ್ಯಾಗ್ ಹಾಕಿದರೆ ಹಲಂತ ಒಂದು ಕಡೆ, ಟ ಇನ್ನೊಂದು ಕಡೆ ಉಳಿದು, ಬ್ರೌಸರಿನಲ್ಲಿ ಸಂಯುಕ್ತಾಕ್ಷರ ಒಡೆದು ಚೂರುಚೂರಾಗುತ್ತೆ. ಈಗ ನಾನು ಪಾಲಿಸುವ ನಿಯಮ: ಟ್ಯಾಗ್ ಯಾವಾಗಲೂ ಇಡೀ ಅಕ್ಷರಕ್ಕೆ, ಅಂದರೆ ಒತ್ತು, ಕೊಂಬು, ದೀರ್ಘ ಎಲ್ಲ ಸೇರಿದ ಗುಂಪಿಗೆ. ಸವೆದದ್ದು ಒತ್ತು ಮಾತ್ರ ಅನ್ನೋದನ್ನು ಟಿಪ್ಪಣಿಯಲ್ಲಿ ಬರೆಯುತ್ತೇನೆ.

ಇನ್ನು ಹುಡುಕಾಟ. "ಮಹಾಮಂಡಳೇಶ್ವರ" ಕಲ್ಲಿನಲ್ಲಿ ಎರಡು ಸಾಲಿಗೆ ಹಂಚಿಹೋಗಿರುತ್ತೆ. ನೀವು "ಮಹಾಮಂಡ", ಮುಂದಿನ ಸಾಲಿಗೆ 5 ಅಂತ ಸಂಖ್ಯೆ, ಆಮೇಲೆ "ಳೇಶ್ವರ" ಅಂತ ಟೈಪ್ ಮಾಡಿದರೆ ಆ ಪದವನ್ನು ಹುಡುಕುವವರಿಗೆ ನಿಮ್ಮ ಶಾಸನ ಎಂದೂ ಸಿಗೋದಿಲ್ಲ. ಪದದ ನಡುವೆ ಚೌಕ ಆವರಣ ಹಾಕಿದರೂ ಅಷ್ಟೇ. ಎಪಿಡಾಕ್‌ನಲ್ಲಿ ಸಾಲು ಮುರಿಯುವುದಕ್ಕೆ "ಎಲ್‌ಬಿ" ಟ್ಯಾಗ್ ಇದೆ, ಪದ ಇಲ್ಲಿ ತುಂಡಾಗಿಲ್ಲ ಅಂತಲೂ ಅದರಲ್ಲೇ ಹೇಳಬಹುದು. ಆ ಒಂದೇ ಕಡತದಿಂದ ನಾನು ಎರಡು ರೂಪ ತೆಗೆಯುತ್ತೇನೆ: ಕಲ್ಲಿನಲ್ಲಿ ಇದ್ದ ಹಾಗೇ ಸಾಲುಸಾಲಾಗಿ ಒಂದು, ಆವರಣ ಸಾಲುಸಂಖ್ಯೆ ಏನೂ ಇಲ್ಲದ ಓದುವ ಪಾಠ ಇನ್ನೊಂದು. ಹುಡುಕಾಟಕ್ಕೆ ಎರಡನೆಯದು. ಮೊದಲನೆಯದರಲ್ಲಿ ಸಾಲುಸಂಖ್ಯೆ, ಆವರಣಗಳನ್ನೆಲ್ಲ ಸಿಎಸ್‌ಎಸ್ ಮೂಲಕ ಕಣ್ಣಿಗೆ ಮಾತ್ರ ತೋರಿಸುತ್ತೇನೆ, ಯಾರಾದರೂ ಪಠ್ಯ ನಕಲು ಮಾಡಿಕೊಂಡರೆ ಅವು ಜೊತೆಗೆ ಹೋಗೋದಿಲ್ಲ.

ಪುಟದ ಭಾಷೆ ಯಾವುದು ಅಂತ ಎಚ್‌ಟಿಎಂಎಲ್‌ನಲ್ಲಿ ಹೇಳೋದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕನ್ನಡಕ್ಕೆ "ಕೆಎನ್". ಕನ್ನಡ ಲಿಪಿಯಲ್ಲಿರುವ ಸಂಸ್ಕೃತ ಶ್ಲೋಕಕ್ಕೆ, ಶಾಪಾಶಯಕ್ಕೆ, "ಎಸ್‌ಎ-ಕೆಎನ್‌ಡಿಎ". ಕಣ್ಣು ಕಾಣದ ಓದುಗರು ಬಳಸುವ ಎನ್‌ವಿಡಿಎ ಎಂಬ ಮುಕ್ತ ತಂತ್ರಾಂಶ ಈ ಗುರುತು ನೋಡಿಯೇ ಕನ್ನಡದ ಧ್ವನಿಗೆ ಹೊರಳುತ್ತೆ. ಚಿತ್ರಗಳಿಗೆ ಬದಲಿ ವಿವರಣೆ ಬರೆಯುವಾಗ "ವೀರಗಲ್ಲಿನ ಫೋಟೋ" ಅಂತ ಬರೆದರೆ ಸಾಲದು. ಮೇಲಿನ ಪಟ್ಟಿಕೆಯಲ್ಲಿ ಏನಿದೆ, ವೀರ ಯಾವ ಕಡೆ ಮುಖ ಮಾಡಿದ್ದಾನೆ, ಬರಹ ಎಲ್ಲಿದೆ ಬರೆಯಿರಿ. ಕಲ್ಲು ಹೋದ ಮೇಲೆ ಆ ಎರಡು ವಾಕ್ಯವೂ ದಾಖಲೆಯೇ.

ಉಪಕರಣಗಳು

ಇದಕ್ಕೆಲ್ಲ ನಾನು ಬಳಸೋದು ಹಣ ಕೊಡದೆ ಸಿಗುವ, ಮೂಲಸಂಕೇತ ತೆರೆದಿರುವ ತಂತ್ರಾಂಶಗಳು. ಹಣ ಉಳಿತಾಯ ಅನ್ನೋದು ಎರಡನೆಯ ಮಾತು. ಮಾಡಿದವರು ಕೈಬಿಟ್ಟರೂ ಬೇರೆಯವರು ಮುಂದುವರಿಸಬಹುದು, ಮುಂದುವರಿಸದಿದ್ದರೂ ಕಡತ ತೆರೆಯುತ್ತೆ, ಅದು ಮುಖ್ಯ. ಫ್ಲ್ಯಾಶ್‌ನಲ್ಲಿ ಮಾಡಿದ ವಸ್ತುಸಂಗ್ರಹಾಲಯಗಳ ಪ್ರದರ್ಶನಗಳು ಎಷ್ಟಿದ್ದವು! 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ನಿಂತಿತು, ಬ್ರೌಸರುಗಳು ಬಾಗಿಲು ಮುಚ್ಚಿದವು. ಅದೇ ಟಿಮ್ ಬರ್ನರ್ಸ್-ಲೀ ಬರೆದ ವೆಬ್‌ನ ಮೊದಮೊದಲ ಪುಟಗಳನ್ನು ಸರ್ನ್ ಸಂಸ್ಥೆ 2013ರಲ್ಲಿ ಅದೇ ಹಳೆಯ ವಿಳಾಸಕ್ಕೆ ಮರಳಿ ತಂದಿತು. ಇವತ್ತಿನ ಮೊಬೈಲಿನಲ್ಲಿ ಒಂದಕ್ಷರ ತಿದ್ದದೆ ತೆರೆಯುತ್ತವೆ. ಯಾಕಂದರೆ ಅವು ಸರಳ ಎಚ್‌ಟಿಎಂಎಲ್.

ಹಾಗಾಗಿ ನನ್ನ ತಾಣವೂ ಸರಳ ಎಚ್‌ಟಿಎಂಎಲ್ ಪುಟಗಳ ಒಂದು ಫೋಲ್ಡರ್, ಅಷ್ಟೇ. ಎಕ್ಸ್‌ಎಂಎಲ್ ಕಡತಗಳಿಂದ ಪುಟ ಕಟ್ಟೋಕೆ ನೂರೈವತ್ತು ಸಾಲಿನ ಒಂದು ಪೈಥಾನ್ ಪ್ರೋಗ್ರಾಂ ಬರೆದುಕೊಂಡಿದ್ದೇನೆ. ಪ್ರೋಗ್ರಾಂ ಬರೆಯೋದು ಬೇಡ ಅನ್ನುವವರಿಗೆ ಹ್ಯೂಗೋ, ಜೆಕಿಲ್ ಇವೆ. ವರ್ಡ್‌ಪ್ರೆಸ್ ಕೂಡ ಮುಕ್ತ ತಂತ್ರಾಂಶವೇ, ಬೈಯೋಕೆ ಕಾರಣವಿಲ್ಲ; ಆದರೆ ಅದಕ್ಕೆ ಡೇಟಾಬೇಸ್ ಬೇಕು, ತಿಂಗಳಿಗೊಮ್ಮೆ ನವೀಕರಣ ಬೇಕು, ನಮ್ಮಂಥ ಭಾನುವಾರದ ಶಾಸನಗಾರರು ಆರು ತಿಂಗಳು ಮರೆತರೆ ಕಳ್ಳರು ಒಳಗೆ ಬಂದು ಕೂತಿರುತ್ತಾರೆ. ಬರೀ ಕಡತಗಳ ಫೋಲ್ಡರಿಗೆ ಆ ಭಯ ಬಹಳ ಕಡಿಮೆ. ಫೋಟೋದ ಬೆಳಕು-ನೆರಳು ತಿದ್ದೋಕೆ ಗಿಂಪ್. ಅಕ್ಷರಗಳ ಪಡಿಯಚ್ಚಿನ ಮೇಲೆ ಗೆರೆ ಎಳೆದು ಲಿಪಿಯ ರೇಖಾಚಿತ್ರ ತೆಗೆಯೋಕೆ ಇಂಕ್‌ಸ್ಕೇಪ್. ಅದು ಎಸ್‌ವಿಜಿ ಆಗಿ ಉಳಿಸುತ್ತೆ, ಎಷ್ಟು ಹಿಗ್ಗಿಸಿದರೂ ಅಂಚು ಹರಿಯೋದಿಲ್ಲ, ಬ್ರೌಸರ್ ಅದನ್ನು ನೇರವಾಗಿ ತೋರಿಸುತ್ತೆ. ಪುಟ ಸಿದ್ಧವಾದ ಮೇಲೆ ಡಬ್ಲ್ಯುತ್ರೀಸಿಯ ಪರೀಕ್ಷಕಕ್ಕೆ ಹಾಕಿ ನೋಡಿ. ಮೊದಲ ಸಲ ನನ್ನ ಪುಟದಲ್ಲಿ ಎಪ್ಪತ್ತಕ್ಕೂ ಹೆಚ್ಚು ತಪ್ಪು ಹೇಳಿತು, ಬಹುಪಾಲು ಮುಚ್ಚದೆ ಬಿಟ್ಟ ಟ್ಯಾಗುಗಳು. ಇವತ್ತಿನ ಬ್ರೌಸರ್ ಅವನ್ನು ಊಹಿಸಿಕೊಂಡು ತೋರಿಸುತ್ತಿತ್ತು. ಊಹೆಯ ಮೇಲೆ ನಿಂತ ಪಾಠ ಎಂಥದ್ದು ಅಂತ ನಮಗೆ ಗೊತ್ತಲ್ಲ.

ನಕ್ಷೆಗೆ ಲೀಫ್‌ಲೆಟ್ ಮತ್ತು ಓಪನ್‌ಸ್ಟ್ರೀಟ್‌ಮ್ಯಾಪ್. ಇಲ್ಲೊಂದು ಎಚ್ಚರಿಕೆ: ಜಿಯೋಜೇಸನ್ ಮಾನಕದಲ್ಲಿ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. ನಾವು ಮಾತಿನಲ್ಲಿ ಹೇಳೋದು ತಿರುಗಮುರುಗ. ನಾನು ಮಾನಕ ಓದದೆ ಹಾಕಿದೆ. 13 ಡಿಗ್ರಿ ಉತ್ತರ, 78 ಡಿಗ್ರಿ ಪೂರ್ವದ ಕೋಲಾರದ ವೀರಗಲ್ಲುಗಳೆಲ್ಲ ಉತ್ತರ ಧ್ರುವದ ಹತ್ತಿರ, ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಹಿಮಸಮುದ್ರದಲ್ಲಿ ಹೋಗಿ ನಿಂತವು. ಇನ್ನೊಂದು ಎಚ್ಚರಿಕೆ ತಮಾಷೆಯದ್ದಲ್ಲ. ಹೊಲದಲ್ಲಿ, ಕಾಡಿನಲ್ಲಿ ಒಂಟಿಯಾಗಿರುವ ಕಲ್ಲುಗಳ ನಿಖರ ಸ್ಥಾನ ಜಾಲದಲ್ಲಿ ಹಾಕಬೇಡಿ. ನಿಧಿ ಅಗೆಯುವವರೂ ನಕ್ಷೆ ಓದುತ್ತಾರೆ. ಊರಿನ ಹೆಸರು ಸಾಕು, ಕೆಲವಕ್ಕೆ ತಾಲೂಕು ಸಾಕು.

ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿರುವುದು ನಿಮಗೆ ಗೊತ್ತಿರಬಹುದು. ಬರಿಗಣ್ಣಿಗೆ ಸಿಗದ ಅಕ್ಷರವೂ ಅದರಲ್ಲಿ ಎದ್ದು ಕಾಣುತ್ತೆ. ಒಬ್ಬೊಬ್ಬರೇ ಕೆಲಸ ಮಾಡುವವರು ಅಷ್ಟು ನಿಖರ ಯಂತ್ರ ತರೋಕೆ ಆಗಲ್ಲ, ಆದರೂ ಹತ್ತಾರು ಕೋನದ ಫೋಟೋಗಳಿಂದ ಮಾದರಿ ಕಟ್ಟಿ, ಮೆಶ್‌ಲ್ಯಾಬ್‌ನಲ್ಲಿ ತೆರೆದು, ಬೆಳಕನ್ನು ಓರೆಯಾಗಿ ತಿರುಗಿಸಿ ಓದಬಹುದು. ಮಾದರಿಯನ್ನು ಯಾವುದೋ ಒಂದು ಕಂಪನಿಯ ವೀಕ್ಷಕದಲ್ಲಿ ಮಾತ್ರ ಇಡಬೇಡಿ. ಜಿಎಲ್‌ಟಿಎಫ್ ಈಗ ಅಂತರರಾಷ್ಟ್ರೀಯ ಮಾನಕ, ಅದರಲ್ಲೊಂದು ಪ್ರತಿ ನಿಮ್ಮ ಬಳಿಯೇ ಇರಲಿ.

ವಿಳಾಸ ಮತ್ತು ಪ್ರತಿಗಳು

ಶ್ರವಣಬೆಳಗೊಳದ ಶಾಸನಗಳ ಮೇಲೆ ಕೆಲಸ ಮಾಡಿದವರಿಗೆ ಈ ಕಷ್ಟ ಗೊತ್ತು. 1889ರಲ್ಲಿ ರೈಸ್ 144 ಶಾಸನ ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರು 500 ಕೊಟ್ಟರು. 1973ರ ಪರಿಷ್ಕೃತ ಸಂಪುಟದಲ್ಲಿ 573. ಒಂದೊಂದು ಸಲವೂ ಸಂಖ್ಯೆ ಬದಲಾಯಿತು. ಹಳೆಯ ಲೇಖನದಲ್ಲಿ ಉಲ್ಲೇಖಿಸಿದ ಸಂಖ್ಯೆ ಹಿಡಿದು ಹೊಸ ಸಂಪುಟ ತೆರೆದರೆ ಬೇರೆಯೇ ಶಾಸನ. ಹಳೆಯ ಸಂಖ್ಯೆಯನ್ನು ಆವರಣದಲ್ಲಿ ಜೊತೆಗೆ ಕೊಡುವ ಪದ್ಧತಿ ಇರೋದರಿಂದ ಬದುಕಿದ್ದೇವೆ. ವೆಬ್ ವಿಳಾಸದ್ದೂ ಇದೇ ಕಥೆ. ಒಳ್ಳೆಯ ವಿಳಾಸ ಬದಲಾಗೋದಿಲ್ಲ ಅಂತ ಬರ್ನರ್ಸ್-ಲೀ 1998ರಲ್ಲೇ ಒಂದು ಲೇಖನ ಬರೆದಿದ್ದಾರೆ. ವಿಳಾಸದಲ್ಲಿ ತಂತ್ರಾಂಶದ ಹೆಸರು, ವಿಭಾಗ, ವರ್ಷ ಯಾವುದೂ ಬೇಡ, ಅವೆಲ್ಲ ನಾಳೆ ಬದಲಾಗುತ್ತವೆ. ನಾನು ಪ್ರತಿ ಕಲ್ಲಿಗೂ ಒಂದು ಅರ್ಥವಿಲ್ಲದ ಸಂಖ್ಯೆ ಕೊಟ್ಟಿದ್ದೇನೆ. ರೈಸ್ ಸಂಖ್ಯೆ, ಪರಿಷ್ಕೃತ ಸಂಪುಟದ ಸಂಖ್ಯೆ ಎರಡೂ ಪುಟದ ಒಳಗೆ. ತಾಲೂಕಿನ ಹೆಸರನ್ನೂ ವಿಳಾಸದಲ್ಲಿ ಹಾಕಿಲ್ಲ. ಒಂದು ಕಾಲಕ್ಕೆ ಕೋಲಾರ ಜಿಲ್ಲೆಯಲ್ಲಿದ್ದ ಚಿಕ್ಕಬಳ್ಳಾಪುರ 2007ರಿಂದ ಬೇರೆ ಜಿಲ್ಲೆ, ನೆನಪಿರಲಿ.

ಪ್ರತಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪಾಠಗಳು ಗಿಟ್ ಕಣಜದಲ್ಲಿ ಇವೆ, ಯಾವತ್ತು ಯಾವ ಓದು ಬದಲಾಯಿತು, ಯಾಕೆ ಅನ್ನೋದು ಪೂರ್ತಿ ಉಳಿಯುತ್ತೆ. ವರ್ಷಕ್ಕೊಮ್ಮೆ ಇಡೀ ಫೋಲ್ಡರನ್ನು ಸರ್ನ್ ನಡೆಸುವ ಝೆನೋಡೋದಲ್ಲಿ ಇಡುತ್ತೇನೆ, ಅಲ್ಲಿ ಅದಕ್ಕೊಂದು ಸ್ಥಿರ ಗುರುತುಸಂಖ್ಯೆ ಕೊಡುತ್ತಾರೆ. ಪರವಾನಗಿ ಕ್ರಿಯೇಟಿವ್ ಕಾಮನ್ಸ್‌ನದ್ದು, ಹೆಸರು ಹೇಳಿ ಯಾರು ಬೇಕಾದರೂ ನಕಲು ಮಾಡಬಹುದು. "ಕಷ್ಟಪಟ್ಟು ಓದಿದ್ದು, ಸುಮ್ಮನೆ ಕೊಡೋದಾ?" ಅಂತ ಹಿರಿಯರೊಬ್ಬರು ಗದರಿದರು. ಆ ವೀರಗಲ್ಲಿನ ಪಾಠವನ್ನು 2012ರಲ್ಲಿ ಯಾರಾದರೂ ಕದ್ದಿದ್ದರೆ ಇವತ್ತು ಅವರ ಮನೆಗೆ ಹೋಗಿ ಕೈಮುಗಿದು ಕೇಳುತ್ತಿದ್ದೆ.

ಆ ಶಾಸನವೂ ಈಗ ತಾಣದಲ್ಲಿದೆ. ಸಿಕ್ಕ ಕರಡು, ಮಸುಕಾದ ಎರಡು ಮೊಬೈಲ್ ಫೋಟೋ ಇಟ್ಟುಕೊಂಡು ಎಪಿಡಾಕ್‌ನಲ್ಲಿ ಬರೆದೆ. ಎರಡನೆಯ ಸಾಲಿನ ಱ, ೞ "ಸಪ್ಲೈಡ್". ವೀರನ ಹೆಸರಿನ ರ "ಅನ್‌ಕ್ಲಿಯರ್", ಟಿಪ್ಪಣಿಯಲ್ಲಿ ಎರಡೂ ಸಾಧ್ಯತೆ. ನಾಲ್ಕನೆಯ ಸಾಲಿಗೆ ಬಂದಾಗ ಕೈ ನಿಂತಿತು. ಆರು ಅಕ್ಷರದ "ಗ್ಯಾಪ್" ಹಾಕಬೇಕು, ಕಾರಣ ಕೊಡಬೇಕು. ಕಲ್ಲು ಒಡೆದು ಹೋಗಿದ್ದರೆ "ಲಾಸ್ಟ್", ಸವೆದು ಓದೋಕೆ ಆಗದಿದ್ದರೆ "ಇಲ್ಲೆಜಿಬಲ್". ನಾನು ನೋಡಿದ ದಿನ ಆ ಅಕ್ಷರಗಳು ಒಡೆದಿರಲಿಲ್ಲ, ಓದೋಕೂ ಬಂದಿದ್ದವು. ಕೊನೆಗೆ "ಲಾಸ್ಟ್" ಅಂತಲೇ ಹಾಕಿ ಪಕ್ಕದಲ್ಲಿ ಒಂದು ಟಿಪ್ಪಣಿ ಬರೆದೆ: 2009ರಲ್ಲಿ ಕಲ್ಲಿನ ಮೇಲೆ ಇದ್ದವು, ಸಂಪಾದಕನ ಬಳಿ ಕಳೆದವು.